ಸುಮ್ಮನೆ ಕೂತಾಗಿನ ಉಸಿರು

"ನೆಟ್ಟಗ ಕುಂದರಸ್ರೋ, ಎಡಕ್ಕ ವಾಲಾಕತ್ತಾನ," ಎಂದು ಆಂಜನೇಯ ಟ್ರ್ಯಾಕ್ಟರ್ ಟ್ರಾಲಿಯ ಪಕ್ಕ ನಿಂತು ಹೇಳಿದ. ಮೇಲಿದ್ದ ಇಬ್ಬರು ಯಂಕೋಬನ ಹೆಣದ ಕಂಕುಳಿಗೆ ಕೈ ಕೊಟ್ಟು ಎತ್ತಿ ಕೂರಿಸಿ, ಎದೆಗೊಂದು ಪಂಚೆ ಸುತ್ತಿ ಕುರ್ಚಿಗೆ ಬಿಗಿದರು. ಎರಡೂ ಕೈಗಳನ್ನು ತೊಡೆಯ ಮೇಲಿಟ್ಟರು. ಆಂಜನೇಯ ಮೇಲೆ ಹತ್ತಿ, ಅಣ್ಣನ ಅಂಗಿಯ ಜೇಬಿಗೆ ಹಳದಿ ಹಿಡಿಕೆಯ ಸ್ಕ್ರೂಡ್ರೈವರು ಸಿಕ್ಕಿಸಿದ. "ಇದು ಅಣ್ಣನ ಜತಿಗೇ ಹೋಗ್ಲಿ. ಕುಣಿಯಾಗ ಇಡಾಣ."

ಮೌನೇಶ್ವರಿ ಗಂಡನ ಕುರ್ಚಿಗೆ ಆತುಕೊಂಡು ಟ್ರಾಲಿಯ ತಗಡಿನ ಮೇಲೆ ಕೂತಿದ್ದಳು. ಹೆಂಗಸರು ಅವಳ ಎರಡೂ ಕೈಗೆ ಹಸಿರು ಬಳೆ ತುಂಬಿದ್ದರು. ಸಂಜೆಯೊಳಗೆ ಅವರೇ ಒಡೆಯುವವರು. ನಿನ್ನೆ ಬೆಸುಗೆಯ ತಂತಿ ತರುತ್ತೇನೆಂದು ಹೋದ ಯಂಕೋಬ ಲಿಂಗಸುಗೂರು ಬಸ್ ಸ್ಟ್ಯಾಂಡಿನಲ್ಲಿ ಎದೆ ಹಿಡಿದು ಕುಸಿದಿದ್ದ. ಮಸ್ಕಿಗೆ ಬಂದದ್ದು ಹೆಣ.

ಕುರ್ಚಿಯ ಇನ್ನೊಂದು ಮಗ್ಗುಲಲ್ಲಿ ಅವನ ತಾಯಿ ಶೇಖರಮ್ಮ ಹಾಡಿಕೊಂಡು ಅಳುತ್ತಿದ್ದಳು. "ತುಂಬಿದ ಹಾಲಿನ ಗಿಂಡಿ ಕೊಟ್ರ ಹನಿ ಚೆಲ್ಲತಿದ್ದಿಲ್ಲ ನನ ಮಗ. ಅಂಥಾ ಕೈ ಇತ್ತಲ್ಲೋ ನನಪ್ಪಾ."

"ಕೈಯೂ ಹಂಗೇ, ಕಿವಿಯೂ ಹಂಗೇ," ಎಂದಳು ಕೆಳಗೆ ನಿಂತಿದ್ದ ಪಕ್ಕದ ಮನೆಯ ಹಾಜಿರಾಬೀ. "ನಮ್ಮ ಶಾಜಿಯಾನ ಶಾದ್ಯಾಗ ಊಟದ ತಾಟು ಬಿಟ್ಟು ಎದ್ದ. ಯಾಕಪ್ಪಾ ಅಂದ್ರ, ಎಡಗಡೆ ಸ್ಪೀಕರ್ ಬಾಕ್ಸು ಅಳಾಕತ್ತೈತಿ ಅಂದ. ಅಲ್ಲೋ, ಮದಲಗಿತ್ತಿ ಅಳಾಕತ್ತಾಳ, ಅದು ಕೇಳವಲ್ದೇನು ನಿನಗ ಅಂದೆ."

ಯಾರೋ ನಕ್ಕರು. ನಕ್ಕದ್ದು ತಪ್ಪಾಯಿತೇನೋ ಎಂದು ಕೆಮ್ಮಿದರು.

ಅಷ್ಟರಲ್ಲಿ ಮನೆಯ ಮುಂದಿನ ಖೋಲಿಯಲ್ಲಿದ್ದ ಯಂಕೋಬನ ಮೈಕು ರಿಪೇರಿ ಅಂಗಡಿಯೊಳಗಿಂದ ಲಕ್ಷ್ಮಣ ತನ್ನ ಆಂಪ್ಲಿಫೈಯರು ಹೊತ್ತು ತಂದ. ಸಿಂಧನೂರಿನ ನಿರಾಶ್ರಿತರ ಆರ್.ಎಚ್. ಕ್ಯಾಂಪಿನ ಬಂಗಾಲಿ, ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರು ನುಡಿಸಿ ಹೊಟ್ಟೆ ಹೊರೆಯುವವನು. ಆಂಪ್ಲಿಫೈಯರು ಅವನ ಕಾಕಾ ಕಲ್ಕತ್ತದಿಂದ ತಂದದ್ದು, ಬಲ್ಬಿನಂಥ ಗಾಜಿನ ವಾಲ್ವುಗಳದ್ದು. ಹಿಂದಿನ ಹಲಗೆ ಎಂದೋ ಕಳೆದುಹೋಗಿತ್ತು. ಅದನ್ನು ಟ್ರಾಲಿಯ ಮೇಲೆ, ಮುಖ ಮಂದಿಯ ಕಡೆಗೂ ಬೆನ್ನು ಮೌನೇಶ್ವರಿಯ ಕಡೆಗೂ ಮಾಡಿ ಇಟ್ಟ. ಅಂಗಡಿಯಿಂದ ವೈರು ಎಳೆದರು.

"ಇದರ ದನಿ ಕಾದಾಂವ ಯಂಕೋಬ ದಾದಾ," ಎಂದ. "ಇದರ ದನಿಯಾಗೇ ಕಳಸ್ತೀನಿ."

"ಲಕ್ಷ್ಮಣ, ಅದನ್ನ ಹಚ್ಚಬ್ಯಾಡಪ್ಪ," ಎಂದಳು ಮೌನೇಶ್ವರಿ.

"ಯಾಕ್ರೀ ವೈನಿ? ನಿನ್ನೆ ಮುಂಜಾನಿ ದಾದಾ ಫೋನ್ ಮಾಡಿದ್ರಲ್ಲ. ಹೊಸ ವಾಲ್ವ್ ಹಾಕೀನಿ, ಬಯಾಸ್ ಮಾಡಿ ಮುಗಿಸೀನಿ, ಬಂದು ಒಯ್ಯಿ ಅಂದ್ರು."

ವಾಲ್ವು ಹಾಕಿದ್ದು ನಿಜ. ಬಯಾಸು ಮಾಡಿರಲಿಲ್ಲ. ತಂಗಿಯ ಬಾಣಂತನಕ್ಕೆ ಅವಳು ಪಾಮನಕಲ್ಲೂರಿಗೆ ಹೋಗಿದ್ದಳು, ಅವಳಿಲ್ಲದೆ ಆ ಕೆಲಸ ಆಗುತ್ತಿರಲಿಲ್ಲ. ಸಂಜೆಗೆ ನೀ ಬಂದಮೇಲೆ ಮಾಡೋಣ ಎಂದು ಅವಳಿಗೆ ಹೇಳಿದ ಬಾಯಲ್ಲೇ ಲಕ್ಷ್ಮಣನಿಗೆ ಮುಗಿಸೀನಿ ಎಂದಿದ್ದ. ಸತ್ತವನು ಸುಳ್ಳು ಹೇಳಿದ್ದನೆಂದು ಮಂದಿಯ ಮುಂದೆ ಹೇಗೆ ಅನ್ನುವುದು?

"ಬಿಡ್ರೀ ವೈನಿ," ಎಂದ ಆಂಜನೇಯ. "ಅಣ್ಣ ಮುಗಿಸೀನಿ ಅಂದಮ್ಯಾಲ ಮುಗಿಸ್ಯಾನ. ಮಷಿನ್ ಮಾತು ನಿಮಗ್ಯಾಕ?"

* * *

ಯಂಕೋಬನ ಕೈ ನಡುಗುವುದು ಮೊದಲು ಕಂಡದ್ದು ಚಹದ ಬಸಿಯಲ್ಲಿ. ಆಮೇಲೆ ಬೆಸುಗೆಯ ಹನಿ ಜಾಗ ತಪ್ಪಿ ಬೀಳತೊಡಗಿತು. ಮೈಕು, ಸಾದಾ ಬಾಕ್ಸು ಹೇಗೋ ನಡೆದವು. ವಾಲ್ವಿನದು ಹಾಗಲ್ಲ. ಅದನ್ನು ಚಾಲೂ ಇಟ್ಟೇ, ಜೀವ ತೆಗೆಯುವಷ್ಟು ಕರೆಂಟಿನ ನಡುವೆ ಸ್ಕ್ರೂಡ್ರೈವರು ಇಳಿಸಿ, ಕಡಲೆಕಾಳಿನಷ್ಟು ಸ್ಕ್ರೂ ತಿರುಗಿಸಬೇಕು.

"ಬಯಾಸು ಅಂದ್ರೇನು?" ಎಂದು ಮೌನೇಶ್ವರಿ ಕೇಳಿದ್ದಳು.

"ನುಡಿಸದ ಸುಮ್ನ ಕುಂತಾಗ ವಾಲ್ವು ಎಷ್ಟು ಉಸಿರಾಡಬೇಕು ಅನ್ನೋದು. ಕಮ್ಮಿ ಆತು, ದನಿ ಒಣಗಿ ಗರಗರ ಅಂತೈತಿ. ಜಾಸ್ತಿ ಆತು, ದನಿ ಜೇನಾಗತೈತಿ. ಆದ್ರ ಒಳಗಿನ ತಗಡು ಕೆಂಪಗಾಗಿ ತನ್ನ ತಾನೇ ಸುಟ್ಕೊಂತೈತಿ."

"ನಿಮ್ಮವ್ವನಂಗ," ಎಂದಳು. ಅವನು ಬಹಳ ಹೊತ್ತು ನಕ್ಕಿದ್ದ.

ಅಂಗಡಿಯ ಬಾಗಿಲಿಗೆ ಪರದೆ ಬಂತು. "ಕರೆಂಟ್ ಐತಿ, ಒಳಗ ಯಾರೂ ಬರಬ್ಯಾಡ್ರಿ," ಎಂದು ಗದರಿಸುತ್ತಿದ್ದ. ಗಿರಾಕಿಗಳು ಹೊರಗೆ ಬೆಂಚಿನ ಮೇಲೆ ಕೂತು, ಭಾಳ ಶಿಸ್ತಿನ ಮನಷಾ ಎನ್ನುತ್ತಿದ್ದರು. ಪರದೆಯ ಹಿಂದೆ ಮೀಟರಿನ ಮುಳ್ಳು ನೋಡುವವನು ಅವನು, ಸ್ಕ್ರೂ ತಿರುಗಿಸುವವಳು ಅವಳು.

"ಎಡಗೈ ಹಿಂದ," ಎಂದು ಪ್ರತಿ ಸಲವೂ ಹೇಳುತ್ತಿದ್ದ. ಒಂದು ಕೈ ಮಷಿನಿನಲ್ಲಿದ್ದರೆ ಇನ್ನೊಂದು ಬೆನ್ನ ಹಿಂದೆ ಇರಬೇಕು. ಎರಡೂ ಕೈ ತಾಗಿದರೆ ಕರೆಂಟು ಎದೆ ಹಾಯ್ದು ಹೋಗುತ್ತದೆ. "ಇನ್ನೊಂಚೂರು... ಹಾಂ, ಸಾಕು. ಬಿಡು."

ಪ್ಲಗ್ ಕಿತ್ತ ಮೇಲೆ ಮೊಣಕಾಲ ಮೇಲಿನ ಅವನ ಕೈ ಮತ್ತಷ್ಟು ನಡುಗುತ್ತಿತ್ತು. ಅವಳು ಅದರ ಮೇಲೆ ತನ್ನ ಕೈ ಇಡುತ್ತಿದ್ದಳು. ಸ್ವಲ್ಪ ಹೊತ್ತಿಗೆ ನಿಲ್ಲುತ್ತಿತ್ತು.

"ಅವ್ವಗೂ ಹೇಳಬ್ಯಾಡ," ಎಂದಿದ್ದ. "ನಡಗೋ ಕೈಯಾಗ ಮಷಿನ್ ಯಾರು ಕೊಡ್ತಾರ?"

* * *

ಲಕ್ಷ್ಮಣ ಗಿಟಾರಿನ ತಂತಿ ಮೀಟಿದ. ದನಿ ಹೊರಟಿತು, ದಪ್ಪಗೆ, ಮೆತ್ತಗೆ, ನೆಲದೊಳಗಿಂದ ಬಂದಂತೆ. ಅಳುತ್ತಿದ್ದವರೂ ಪೆಟ್ಟಿಗೆಯ ಕಡೆ ತಿರುಗಿದರು. ಲಕ್ಷ್ಮಣನೇ ಬೆರಗಾಗಿ ನಿಂತ. ಇಷ್ಟು ವರ್ಷ ಅದು ಹೀಗೆ ನುಡಿದಿರಲಿಲ್ಲ.

"ಕೇಳ್ರಿ, ಕೇಳ್ರಿ," ಎಂದ ಆಂಜನೇಯ, ಕಣ್ಣೊರೆಸಿಕೊಳ್ಳುತ್ತ. "ಇದು ನಮ್ಮಣ್ಣನ ಕೈ. ಕಡೀ ಕೆಲಸ."

ಬೆನ್ನ ಕಡೆ ಕೂತ ಮೌನೇಶ್ವರಿಗೆ ಮಾತ್ರ ಪೆಟ್ಟಿಗೆಯ ಒಳಗತ್ತಲು ಕಾಣುತ್ತಿತ್ತು. ಒಂದು ವಾಲ್ವಿನ ತಗಡಿನ ನಡುವೆ ಕುಂಕುಮದಷ್ಟು ಕೆಂಪು ಮೂಡಿತು. ನೋಡುತ್ತಿದ್ದಂತೆ ಹರಡಿತು. ಪಕ್ಕದ್ದರಲ್ಲೂ ಹತ್ತಿತು.

ಸುಮ್ಮನಿದ್ದರೆ ಅದು ಸುಟ್ಟುಹೋಗುತ್ತದೆ. ಲಕ್ಷ್ಮಣನ ಅನ್ನ ಹೋಗುತ್ತದೆ. ಯಂಕೋಬನ ಕಡೇ ಕೆಲಸ ಅವನ ಹೆಣದ ಮುಂದೆಯೇ ಸುಟ್ಟಿತೆಂದು ಸಿಂಧನೂರಿನ ತನಕ ಆಡಿಕೊಳ್ಳುತ್ತಾರೆ. ಎದ್ದರೆ, ಪರದೆಯ ಹಿಂದಿನದು ಬಯಲಾಗುತ್ತದೆ. ತಾಯಿಗೂ ಹೇಳಬೇಡವೆಂದಿದ್ದ.

ಅವಳು ಎದ್ದಳು.

"ಏ, ಎಲ್ಲಿಗೇ?" ಎಂದಳು ಶೇಖರಮ್ಮ. "ಹೆಣದ ಮುಂದಿಂದ ಏಳಬಾರದವ್ವಾ."

ಮೌನೇಶ್ವರಿ ಗಂಡನ ಜೇಬಿನಿಂದ ಸ್ಕ್ರೂಡ್ರೈವರು ತೆಗೆದಳು. "ಲಕ್ಷ್ಮಣ, ನುಡಸಬ್ಯಾಡ. ಬಂದೂ ಮಾಡಬ್ಯಾಡ. ಹಂಗೇ ಇರಲಿ."

ಪೆಟ್ಟಿಗೆಯ ಹಿಂದೆ ಕುಕ್ಕರಗಾಲಲ್ಲಿ ಕೂತಳು. ಸೆರಗು ಬಿಗಿದು ಬಲಗೈ ಒಳಗೆ ಇಳಿಸಿದಳು. ಯಾರೂ ಹೇಳಲಿಲ್ಲ, ಎಡಗೈ ತಾನೇ ಬೆನ್ನ ಹಿಂದೆ ಹೋಯಿತು. ಕೆಳಗಿನ ಮಂದಿಗೆ ಕಾಣುತ್ತಿದ್ದದ್ದು ಮೊಣಕೈ ತನಕ ಹಸಿರು ಬಳೆ ತುಂಬಿದ ಆ ಬಲಗೈ.

ಮುಳ್ಳು ನೋಡಿ ಹೇಳುವವನು ಇರಲಿಲ್ಲ. ಅವಳು ಕೆಂಪನ್ನೇ ನೋಡುತ್ತ ತಿರುಗಿಸಿದಳು. ಕೆಂಪು ಕಿರಿದಾಯಿತು, ಚುಕ್ಕೆಯಾಯಿತು, ಆರಿತು. ಇನ್ನೊಂಚೂರು ತಿರುಗಿಸಿದಳು. ಸಾಕು ಎಂಬ ಮಾತಿಗೆ ಒಂದು ಕ್ಷಣ ಕಾದಳು. ಆಮೇಲೆ ಕೈ ಹೊರಗೆ ತೆಗೆದಳು.

ಲಕ್ಷ್ಮಣ ಅವಳ ಬೆರಳುಗಳನ್ನೇ ನೋಡುತ್ತಿದ್ದ. "ಯಾವಾಗಿಂದ, ವೈನಿ?" ಎಂದ, ಮೆಲ್ಲಗೆ.

"ಈಗ ನುಡಸು."

ಕೆಳಗೆ ಮಾತು ಹಬ್ಬಿತು. "ಅಂದ್ರ ಹೇಣತಿ ಕೈಯಾಗಿತ್ತೇನೋ ಇವನ ಕಸಬು?" ಎಂದೊಬ್ಬ. "ಪರದೆ ಯಾಕಂತ ಈಗ ತಿಳೀತು ನೋಡು," ಎಂದ ಇನ್ನೊಬ್ಬ. ಹಾಜಿರಾಬೀ ಅವರತ್ತ ತಿರುಗಿ, "ಬಾಯಾಗ ಮಣ್ಣು ಹಾಕ್ಕೊಳ್ರೋ," ಎಂದಳು. ಆಂಜನೇಯ ತಲೆ ತಗ್ಗಿಸಿ ಟ್ರಾಲಿಯ ಹಗ್ಗ ಬಿಗಿಯತೊಡಗಿದ. ಅದು ಮೊದಲೇ ಬಿಗಿಯಾಗಿತ್ತು. ಶೇಖರಮ್ಮನ ಹಾಡು ಅರ್ಧಕ್ಕೆ ನಿಂತುಹೋಗಿತ್ತು.

ಲಕ್ಷ್ಮಣ ಮೀಟಿದ. ಜೇನು ಹೋಗಿತ್ತು. ಬಂದದ್ದು ದಿನದ ದನಿ, ಗಟ್ಟಿಯಾದದ್ದು.

ಮೌನೇಶ್ವರಿ ಸ್ಕ್ರೂಡ್ರೈವರನ್ನು ಜೇಬಿಗೆ ಮರಳಿ ಸಿಕ್ಕಿಸಲು ಬಾಗಿದಳು. ಆಗ ಕಂಡಿತು. ಬೇಸಿನ ದನಿಗೆ ಟ್ರಾಲಿಯ ತಗಡು ಅದುರುತ್ತಿತ್ತು, ತಗಡಿನಿಂದ ಕುರ್ಚಿ, ಕುರ್ಚಿಯಿಂದ ತೊಡೆಯ ಮೇಲಿನ ಕೈ. ಬೆರಳುಗಳು ಸಣ್ಣಗೆ, ಬಿಡದೆ, ಚಹದ ಬಸಿ ಹಿಡಿದಾಗಿನಂತೆ ನಡುಗುತ್ತಿದ್ದವು. ಶೇಖರಮ್ಮ ಅದನ್ನೇ ನೋಡುತ್ತ ಕೂತಿದ್ದಳು.

ಮೌನೇಶ್ವರಿ ಅದರ ಮೇಲೆ ತನ್ನ ಕೈ ಇಟ್ಟಳು. ಬಳೆಗಳು ಒಂದಕ್ಕೊಂದು ತಾಗಿ ಸಣ್ಣಗೆ ಸದ್ದು ಮಾಡತೊಡಗಿದವು. ಸ್ವಲ್ಪ ಹೊತ್ತು ಕಾದಳು. ಈ ಸಲ ಅದು ನಿಲ್ಲಲಿಲ್ಲ.