ಎಣ್ಣೆ ತೀರದ ಕೋಣೆ

ಶಿಬಾಯಾಮಾ ಎರಡು ತಾಸು ಹತ್ತು ನಿಮಿಷಗಳಿಂದ ಒಂದೇ ಕೋಣೆಯಲ್ಲಿ ಸುತ್ತುತ್ತಿದ್ದ. ಆ ಕೋಣೆ ಇದ್ದದ್ದು ಪರದೆಯ ಒಳಗೆ. ಅವನು ಕೂತಿದ್ದದ್ದು ಗೊತಾಂದಾ ಬಡಾವಣೆಯ ಗೇಮ್ ಕಂಪನಿಯೊಂದರ ಕಚೇರಿಯ ಹನ್ನೊಂದನೆಯ ಮಹಡಿಯಲ್ಲಿ, ಕಿಟಕಿಯಿಲ್ಲದ ಇನ್ನೊಂದು ಕೋಣೆಯಲ್ಲಿ. ಎರಡರಲ್ಲಿ ಯಾವುದು ಇಕ್ಕಟ್ಟು ಎಂದು ಕೇಳಿದ್ದರೆ ಆ ಹೊತ್ತಿಗೆ ಅವನಿಗೂ ಹೇಳಲು ಬರುತ್ತಿರಲಿಲ್ಲ.

‘ದೀಪಯಾತ್ರೆ’ ಎಂಬ ವಿಡಿಯೊ ಗೇಮಿನ ಹದಿನಾಲ್ಕನೆಯ ಭಾಗ ಮುಂದಿನ ತಿಂಗಳು ಅಂಗಡಿಗೆ ಬರುವುದಿತ್ತು. ಪತ್ರಿಕೆಯವರಿಗೆ ಮಾತ್ರ ಮೊದಲೇ ನಾಲ್ಕು ಗಂಟೆ ಆಡಲು ಬಿಡುತ್ತಾರೆ. ಫೋನನ್ನು ಲಕೋಟೆಯಲ್ಲಿ ಹಾಕಿ ಬಾಗಿಲಲ್ಲೇ ಒಪ್ಪಿಸಬೇಕು. ಹತ್ತಕ್ಕೆ ಶುರು, ಎರಡಕ್ಕೆ ಮುಕ್ತಾಯ. ಸಂಜೆ ಆರರೊಳಗೆ ‘ಮೊದಲ ನೋಟ’ ಅಂಕಣ ಸಂಪಾದಕಿಗೆ ತಲುಪಬೇಕು. ಇಪ್ಪತ್ತೆರಡು ವರ್ಷಗಳಿಂದ ಅದು ಶಿಬಾಯಾಮಾನದೇ ಅಂಕಣ. ಮದುವೆ ಮುರಿದಾಗಲೂ, ಬೆನ್ನು ಹಿಡಿದುಕೊಂಡಾಗಲೂ ಒಂದು ವಾರವೂ ತಪ್ಪಿಸಿದವನಲ್ಲ.

ಹೊಸ ಸಂಪಾದಕಿ ತಬುಚಿ ಕಳೆದ ವಾರ ಅವನ ಎರಡು ಹಳೆಯ ಬರಹಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟಿದ್ದಳು.

“ಇದು ಒಂಬತ್ತನೇ ಆಟದ್ದು, ಇದು ಹದಿಮೂರನೇದು. ಮೊದಲ ಪ್ಯಾರಾ ಅದಲುಬದಲು ಮಾಡಿ ಎಲ್ಲರಿಗೂ ಓದೋಕೆ ಕೊಟ್ಟೆ, ಶಿಬಾಯಾಮಾ ಸಾನ್. ಒಬ್ಬರಿಗೂ ಗೊತ್ತಾಗ್ಲಿಲ್ಲ. ನಿಮಗೂ ಈಗ ಗೊತ್ತಾಗಿಲ್ಲ, ಅಲ್ವಾ?”

ಅವನಿಗೂ ಗೊತ್ತಾಗಿರಲಿಲ್ಲ. ಈ ಸಲವೂ ಅದೇ ರಾಗ ಅದೇ ಹಾಡು ಆದರೆ ಅಂಕಣ ನಿಲ್ಲಿಸಬೇಕಾದೀತು ಎಂದು ತಬುಚಿ ತೀರ ನಯವಾಗಿ ಹೇಳಿದ್ದಳು. ಅವರ ಪತ್ರಿಕೆಯಲ್ಲಿ ನಯವಾಗಿ ಹೇಳಿದ ಮಾತು ಕಾಗದಕ್ಕೆ ಮುದ್ರೆ ಒತ್ತಿದಷ್ಟೇ ಗಟ್ಟಿ.

ಹಾಗಾಗಿ ಇವತ್ತು ಹೊಸದೇನಾದರೂ ಕಂಡೇ ತೀರುತ್ತೇನೆಂದು ಬಂದಿದ್ದ. ಕಂಡದ್ದು ನಾಲ್ಕು ಕಲ್ಲಿನ ಗೋಡೆ, ಒಂದು ಚಾಪೆ, ಮೂಲೆಯಲ್ಲಿ ಒಂದು ಎಣ್ಣೆಯ ಜಾಡಿ. ಕೈಯಲ್ಲಿ ಎಂದಿನ ಲಾಟೀನು. ಬಾಗಿಲಿಲ್ಲ.

ಈ ಆಟವನ್ನು ಮೂವತ್ತೊಂದು ವರ್ಷ ಆಡಿದವರಿಗೆ ಒಂದು ಪಾಠ ರಕ್ತಕ್ಕೇ ಇಳಿದಿರುತ್ತದೆ: ದೀಪ ಆರಬಾರದು. ಆರಿತೋ, ಕತ್ತಲೆಯ ಜೀವಿಗಳು ಬಂದು ನುಂಗುತ್ತವೆ, ಗಳಿಸಿದ್ದೆಲ್ಲ ಹೋಗುತ್ತದೆ. ಹೊಸ ಆಟ ಬಂದ ದಿನ ಅಂಗಡಿಯ ಮುಂದೆ ಸಾಲಿನಲ್ಲಿ ನಿಂತವರು ಒಬ್ಬರನ್ನೊಬ್ಬರು ಮಾತಾಡಿಸುವುದೇ “ಎಣ್ಣೆ ಇದೆಯಾ?” ಎಂದು. ಲಾಟೀನು ಮಂಕಾಗಿ ಸಣ್ಣ ಗಂಟೆ ಬಾರಿಸಿತೆಂದರೆ ಶಿಬಾಯಾಮಾನ ಹೆಬ್ಬೆರಳು ಅವನನ್ನು ಕೇಳದೆಯೇ ಎಣ್ಣೆ ತುಂಬುತ್ತಿತ್ತು. ಊಟಕ್ಕೆ ಏಳುವಾಗಲೂ ಮೊದಲು ಆಟ ನಿಲ್ಲಿಸುವ ಗುಂಡಿ ಒತ್ತಿ, ಆಮೇಲೇ ಕಂಟ್ರೋಲರ್ ಕೆಳಗಿಡುವವನು ಅವನು.

ಗೋಡೆಯ ಒಂದೊಂದು ಕಲ್ಲನ್ನೂ ತಟ್ಟಿದ. ಐದನೆಯ ಆಟದಲ್ಲಿ ಚಾಪೆಯ ಕೆಳಗೆ ಸುರಂಗವಿತ್ತು. ಚಾಪೆ ಎತ್ತಿ ನೋಡಿದ. ಎಂಟನೆಯದರಲ್ಲಿ ಏಳು ಸಲ ನಮಸ್ಕರಿಸಿದರೆ ಗೋಡೆ ಸರಿಯುತ್ತಿತ್ತು, ನಮಸ್ಕರಿಸಿದ. ಅವನಿಗೆ ಗೊತ್ತಿದ್ದದ್ದು ಒಂದೆರಡಲ್ಲ, ನೂರಾರು ಉಪಾಯ. ಬೋನಿಗೆ ಬಿದ್ದ ಇಲಿಗೆ ಊರಿನ ಬಿಲಗಳೆಲ್ಲ ಗೊತ್ತಿದ್ದು ಏನು ಪ್ರಯೋಜನ? ಜಾಡಿಯ ಎಣ್ಣೆಯಂತೂ ತೀರುತ್ತಲೇ ಇರಲಿಲ್ಲ. ಗಂಟೆ ಬಾರಿಸುವುದು, ತುಂಬುವುದು, ಮತ್ತೆ ಸುತ್ತುವುದು.

ಪಕ್ಕದ ಕೋಣೆಯಲ್ಲಿ ಬೇರೆ ಪತ್ರಿಕೆಯ ಹುಡುಗಿಯೊಬ್ಬಳು ಆಡುತ್ತಿದ್ದಳು. ಈ ಸರಣಿಯ ಒಂದು ಆಟವನ್ನೂ ಮುಟ್ಟಿಲ್ಲವೆಂದು ಬೆಳಿಗ್ಗೆ ಲಿಫ್ಟಿನಲ್ಲಿ ನಾಚಿಕೆಯಿಲ್ಲದೆ ಹೇಳಿಕೊಂಡಿದ್ದಳು. ಆಟ ಶುರುವಾಗಿ ಹತ್ತು ನಿಮಿಷವಾಗಿರಲಿಲ್ಲ, ಆ ಕಡೆಯಿಂದ ಗಾಳಿಯ, ಹಕ್ಕಿಗಳ ಸದ್ದು ಕೇಳಿಸತೊಡಗಿತ್ತು. ಅವಳು ಬಯಲಿಗೆ ಹೋಗಿಯಾಗಿತ್ತು. ಶಿಬಾಯಾಮಾ ಮತ್ತೊಮ್ಮೆ ಚಾಪೆ ಎತ್ತಿ ನೋಡಿದ.

ಪ್ರಚಾರ ವಿಭಾಗದ ಹೊಶಿಕಾವಾ ಬಾಗಿಲ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು. ಕೇಳಿದರೆ ಮಾತ್ರ ದಾರಿ ಹೇಳಬೇಕೆಂದು ಅವಳಿಗೆ ಅಪ್ಪಣೆಯಾಗಿತ್ತು. ಮೂರು ಸಲ ಬಂದು “ಏನಾದ್ರೂ ಬೇಕಾಗಿತ್ತಾ?” ಎಂದು ವಿಚಾರಿಸಿದಳು. ಮೂರು ಸಲವೂ ಅವನು ಟೀ ಕೇಳಿದ. ಬಾಯಾರಿಕೆಯೇ ಇಲ್ಲದ ಗಂಟಲಿಗೆ ತಣ್ಣನೆಯ ಬಾರ್ಲಿ ಟೀ ಸುರಿದುಕೊಂಡು, ಗೋಡೆಗಳ ಕೆತ್ತನೆ ಬಹಳ ಚೆನ್ನಾಗಿದೆ, ನಿಧಾನವಾಗಿ ನೋಡುತ್ತಿದ್ದೇನೆ ಎಂದ. ಹೌದೆಂದು ಅವಳು ತಲೆಯಾಡಿಸಿದಳು. ಗೋಡೆಯಲ್ಲಿ ಕೆತ್ತನೆ ಇರಲಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು.

ಒಂದೂವರೆಗೆ ಆಟ ನಿಲ್ಲಿಸಿ ಟಿಪ್ಪಣಿ ಪುಸ್ತಕ ತೆರೆದ. ‘ಆರಂಭದ ಕೋಣೆಯ ಗಾಂಭೀರ್ಯ ಹಳೆಯ ಅಭಿಮಾನಿಗಳನ್ನು ಪುಳಕಗೊಳಿಸುತ್ತದೆ’ ಎಂದು ಬರೆದ. ಓದಿದ. ಹದಿಮೂರನೆಯ ಆಟಕ್ಕೂ ಇದನ್ನೇ ಬರೆದಿದ್ದ, ಬಹುಶಃ ಒಂಬತ್ತನೆಯದಕ್ಕೂ. ತನ್ನನ್ನು ಈ ಕೋಣೆಗೆ ಹಾಕಿದವರು ಆಟ ಮಾಡಿದವರಲ್ಲ, ತಾನು ಒಳಗಿದ್ದು ಇಪ್ಪತ್ತೆರಡು ವರ್ಷವಾಯಿತು ಎನ್ನಿಸಿತು. ಅಳು ಬರುವಷ್ಟು ಭಯವಾಯಿತು. ಆ ಸಾಲು ಹೊಡೆದುಹಾಕಿ ಮತ್ತೆ ಕಂಟ್ರೋಲರ್ ಹಿಡಿದ, ಮತ್ತೆ ಅವೇ ಗೋಡೆಗಳನ್ನು ತಟ್ಟಿದ.

ಎರಡಕ್ಕೆ ಐದು ನಿಮಿಷವಿತ್ತು. ಹೊಶಿಕಾವಾ ನಾಲ್ಕನೆಯ ಸಲ ಎದ್ದು ಬಂದಳು, ಅದೇ ಪ್ರಶ್ನೆ ಕೇಳಿದಳು.

ಅವನು ತಟ್ಟನೆ ಎದ್ದು ನಿಂತ. ತಪ್ಪೊಪ್ಪಿಕೊಳ್ಳುವಾಗ ಕೂತು ಮಾತಾಡುವಂತಿಲ್ಲ, ಕೈಯಲ್ಲಿ ಏನೂ ಇರುವಂತಿಲ್ಲ. ಕಂಟ್ರೋಲರ್ ಮೇಜಿನ ಮೇಲಿಟ್ಟು, ಎರಡೂ ಕೈ ತೊಡೆಗಂಟಿಸಿ ನಡು ಬಗ್ಗಿಸಿದ.

“ಸುಳ್ಳು ಹೇಳಿದೆ, ಕ್ಷಮಿಸಿ. ನಾನಿನ್ನೂ ಮೊದಲ್ನೇ ಕೋಣೆಯಿಂದ್ಲೇ ಆಚೆ ಬಂದಿಲ್ಲ. ನನಗೆ ದಾರಿ ಗೊತ್ತಾಗ್ತಿಲ್ಲ.”

ಹೇಳಿದ ಮೇಲೂ ತಲೆ ಎತ್ತಲಿಲ್ಲ. ನಾಲ್ಕು ಗಂಟೆಯ ಸುಳ್ಳಿಗೆ ಚಿಕ್ಕ ನಮಸ್ಕಾರ ಸಾಲದು. ಬಗ್ಗಿದಲ್ಲೇ ಅವನಿಗೆ ಸಣ್ಣ ಗಂಟೆಯ ಸದ್ದು ಕೇಳಿಸಿತು. ಆಗಲೇ ನೆನಪಾದದ್ದು, ಆಟ ನಿಲ್ಲಿಸುವ ಗುಂಡಿಯನ್ನೇ ಒತ್ತಿರಲಿಲ್ಲ. ಹೆಬ್ಬೆರಳು ತೊಡೆಯ ಮೇಲೆ ಒಮ್ಮೆ ಅದುರಿತು. ಆದರೆ ಎದುರಿದ್ದವಳು ಸರಿ ಎನ್ನುವ ಮೊದಲು ನಡು ಎತ್ತುವುದು ಅವನಿಂದಾಗಲಿಲ್ಲ. ಹೊಶಿಕಾವಾ, ಯಾಕೋ, ಸರಿ ಎನ್ನಲು ತಡಮಾಡಿದಳು.

ದೀಪ ಆರಿತು.

“ಈಗ ನೋಡಿ,” ಎಂದಳು ಅವಳು.

ಪರದೆ ಕಪ್ಪಾಗಿತ್ತು. ಯಾವ ಜೀವಿಯೂ ಬಂದು ನುಂಗಲಿಲ್ಲ. ಕತ್ತಲೆಗೆ ಕಣ್ಣು ಹೊಂದಿಕೊಂಡಾಗ, ನೂರು ಸಲ ತಟ್ಟಿದ್ದ ಗೋಡೆಯ ಅಡಿಯಲ್ಲಿ ಕೂದಲೆಳೆಯಷ್ಟು ಬೆಳಕು ಕಂಡಿತು. ಲಾಟೀನು ಉರಿಯುವಷ್ಟು ಹೊತ್ತೂ ಕಣ್ಣಿಗೆ ಬೀಳದಷ್ಟು ಮಂದ ಬೆಳಕು. ಕಂಟ್ರೋಲರ್ ಎತ್ತಿಕೊಂಡು ಅಲ್ಲಿಗೆ ಹೋಗಿ ತಳ್ಳಿದ. ಗೋಡೆ ತೆರೆದು ಬಯಲು ಬಂತು, ಬೆಳಗಿನ ಹೊತ್ತು, ಹುಲ್ಲು. ಎಡಗೈ ಬೆರಳು ಅಭ್ಯಾಸಬಲದಿಂದ ಲಾಟೀನು ಎತ್ತುವ ಗುಂಡಿ ಒತ್ತಿತು. ಆರಿದ ಲಾಟೀನು ಕೋಣೆಯಲ್ಲೇ ಉಳಿದಿತ್ತು, ಎತ್ತಲು ಏನೂ ಇರಲಿಲ್ಲ. ಮುಂದೆ ಏನು ಮಾಡಬೇಕೆಂದು ತಿಳಿಯದೆ, ಉಳಿದ ನಾಲ್ಕು ನಿಮಿಷವನ್ನೂ ಅವನು ಅಲ್ಲೇ ನಿಂತು ಕಳೆದ.

ಆರೂಕಾಲಿಗೆ ತಬುಚಿ ಫೋನ್ ಮಾಡಿದಳು.

“ಮೂರು ಗಂಟೆ ಐವತ್ತಾರು ನಿಮಿಷ ಒಂದೇ ಕೋಣೇಲಿ ಸಿಕ್ಕಿಬಿದ್ದಿದ್ದೆ ಅಂತ ಬರೆದಿದ್ದೀರಿ. ಆಚೆ ಹೇಗೆ ಬಂದ್ರಿ ಅಂತಾನೇ ಬರೆದಿಲ್ಲ.”

“ಅದನ್ನ ಆಡೋರಿಗೆ ಬಿಡಬೇಕು.”

“ಓದುಗರು ನಗ್ತಾರೆ, ಶಿಬಾಯಾಮಾ ಸಾನ್.”

“ನಗಲಿ.”

“ಹೋಗ್ಲಿ, ಆಚೆ ಏನಿದೆ?”

ಇಪ್ಪತ್ತೆರಡು ವರ್ಷ ಈ ಪ್ರಶ್ನೆಗೆ ಅವನಲ್ಲಿ ಕೇಳುವ ಮೊದಲೇ ಉತ್ತರ ಇರುತ್ತಿತ್ತು.

“ಗೊತ್ತಿಲ್ಲ,” ಎಂದ.

ಆ ಕಡೆ ಕಾಗದ ತಿರುವಿದ ಸದ್ದಾಯಿತು. ಅಚ್ಚಿಗೆ ಕಳಿಸುತ್ತಿದ್ದೇನೆ, ಒಂದಕ್ಷರವನ್ನೂ ತೆಗೆಯುವುದಿಲ್ಲ ಎಂದಳು. ಆಮೇಲೆ ಮುಂದಿನ ವಾರ ಏನು ಬರೆಯುತ್ತೀರಿ ಎಂದು ಕೇಳಿದಳು.

“ಅದೂ ಗೊತ್ತಿಲ್ಲ,” ಎಂದ ಶಿಬಾಯಾಮಾ.