ಕೊನೆಯ ಸರದಿ ನಾಯಕನದು

ನಮ್ಮ ನಾಯಕ ಹೆನ್ನಿಂಗ್‌ನ ತಾಳ್ಮೆಯನ್ನು ಊರೆಲ್ಲ ಹೊಗಳುತ್ತಿತ್ತು. ನನಗೆ ಮಾತ್ರ ಅದನ್ನು ಕಂಡರೆ ಮೈ ಉರಿಯುತ್ತಿತ್ತು. ಹನ್ನೊಂದು ವರ್ಷದಿಂದ ಈ ಐಸ್ ಹಾಕಿ ತಂಡದ ಸ್ಕೇಟುಗಳ ಅಲಗಿಗೆ ಸಾಣೆ ಹಿಡಿದು, ಬೆವರು ನಾರುವ ಅಂಗಿಗಳನ್ನು ಒಗೆದವಳು ನಾನು, ಸಿಗ್ನೆ. ಅವನು ದನಿ ಎತ್ತಿದ್ದನ್ನು ಒಮ್ಮೆಯೂ ಕೇಳಿಲ್ಲ. ಏನೇ ಬರಲಿ, ಎಲ್ಲರೂ ಬೆಂಚುಗಳ ಮೇಲೆ ಸುತ್ತ ಕೂರಬೇಕು, ಒಬ್ಬೊಬ್ಬರಾಗಿ ಮಾತಾಡಬೇಕು, ನಡುವೆ ಯಾರೂ ಬಾಯಿ ಹಾಕಬಾರದು. ಕೊನೆಯ ಸರದಿ ನಾಯಕನದು. ನಮ್ಮಲ್ಲಿ ಶಾಲೆಯಿಂದ ಹಿಡಿದು ಕಾಗದದ ಕಾರ್ಖಾನೆಯವರೆಗೆ ಎಲ್ಲ ಕಡೆ ಹೀಗೇ, ಕಾಫಿ ಆರಿ ಹೋಗುವವರೆಗೂ ಮಾತು ಸುತ್ತುತ್ತದೆ. ಬಾಗಿಲ ಬಳಿ ಟವೆಲ್ ಹಿಡಿದು ನಿಂತವಳಿಗೆ ಸರದಿ ಇರಲಿಲ್ಲ.

ಆ ಶನಿವಾರ ಮಧ್ಯಾಹ್ನ ಮೂರಕ್ಕೆ ಪಂದ್ಯ. ಸೋತರೆ ಕೆಳಗಿನ ದರ್ಜೆಗೆ ಬೀಳುತ್ತೇವೆ. ನನ್ನ ಚಿಂತೆ ಮಾಲ್ಟೆಯದು. ಅವನು ರಕ್ಷಣೆಯ ಆಟಗಾರ, ಎರಡು ಮಕ್ಕಳ ತಂದೆ. ಬುಧವಾರದ ಪಂದ್ಯದಲ್ಲಿ ಅಂಕಣದ ಗೋಡೆಗೆ ಅವನ ತಲೆ ಬಡಿದಿತ್ತು. ಭುಜಕ್ಕಷ್ಟೇ ಪೆಟ್ಟು ಎಂದು ವೈದ್ಯರಿಗೆ ಸುಳ್ಳು ಹೇಳಿದ್ದ. ಶುಕ್ರವಾರ ನನ್ನ ಬಳಿ ಬಂದು, "ನನ್ ಸ್ಕೇಟಿಗೆ ಸಾಣೆ ಹಿಡಿದ್ಯಾ?" ಎಂದು ಮೂರು ಸಲ ಕೇಳಿದ. ಮೂರನೆಯ ಸಲ ಸಾಣೆ ಹಿಡಿದ ಸ್ಕೇಟು ಅವನ ಕೈಯಲ್ಲೇ ಇತ್ತು. ಆಮೇಲೆ ನನ್ನ ಬಕೆಟ್ಟಿಗೆ ವಾಂತಿ ಮಾಡಿಕೊಂಡು, "ಯಾರಿಗೂ ಹೇಳ್ಬೇಡ, ಸಿಗ್ನೆ" ಎಂದ. ನಾನು ಹೇಳಲಿಲ್ಲ. ಬಕೆಟ್ ತೊಳೆದಿಟ್ಟೆ.

ಪಂದ್ಯಕ್ಕೆ ಮುಂಚೆ ಎಲ್ಲರೂ ಸುತ್ತ ಕೂತರು. "ಮಾಲ್ಟೆ ಆಡ್ಬೇಕಾ, ಬೇಡ್ವಾ?" ಎಂದು ಹೆನ್ನಿಂಗ್ ಕೇಳಿದ.

"ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ," ಎಂದ ಮಾಲ್ಟೆ.

"ಅವ್ನೇ ಹೇಳಿದ್ಮೇಲೆ ಇನ್ನೇನು," ಎಂದ ಪಕ್ಕದವನು.

"ಅವ್ನಿಲ್ದಿದ್ರೆ ನನ್ ಮುಂದೆ ಯಾರು ನಿಲ್ತಾರೆ, ನಿಮ್ಮಜ್ಜಿನಾ?" ಎಂದ ಗೋಲ್‌ಕೀಪರ್. ಎಲ್ಲರೂ ನಕ್ಕರು. ಇಪ್ಪತ್ತು ಬಾಯಿಗಳೂ ಅದನ್ನೇ ಹೇಳಿದವು.

ಕೋಚ್ ರೋಲ್ಫ್ ತುಟಿಯೊಳಗೆ ಹೊಗೆಸೊಪ್ಪು ತುರುಕಿಕೊಂಡು ಎದ್ದ. "ಮುಗೀತು. ಆಡ್ತಾನೆ."

"ಮುಗಿದಿಲ್ಲ," ಎಂದ ಹೆನ್ನಿಂಗ್. "ಸಿಗ್ನೆ ಇನ್ನೂ ಹೇಳಿಲ್ಲ."

"ಬಟ್ಟೆ ಒಗೆಯೋಳನ್ನ ಏನ್ ಕೇಳ್ತೀಯೋ?" ಎಂದ ರೋಲ್ಫ್.

ಆ ಮಾತು ಕೇಳಿದ್ದೇ ತಡ, ನನ್ನ ಪಿತ್ತ ನೆತ್ತಿಗೇರಿತು. "ಹೌದು, ಒಗೆಯೋಳೇ! ನಿನ್ನೆ ಇವ್ನು ಕಕ್ಕಿದ್ದನ್ನ ತೊಳೆದೋಳೂ ನಾನೇ! ಸಾಣೆ ಹಿಡಿದ ಸ್ಕೇಟ್ ಕೈಯಲ್ಲಿಟ್ಕೊಂಡೇ ಸಾಣೆ ಹಿಡಿದ್ಯಾ ಅಂತಾನೆ. ಇನ್ನೊಂದು ಏಟು ಬಿದ್ರೆ ಅವ್ನ ಹೆಂಡ್ತಿಗೆ ಯಾರು ಹೇಳ್ತೀರಾ? ಸರದಿ ಪ್ರಕಾರ ಒಬ್ಬೊಬ್ರಾಗಿ ಹೋಗ್ತೀರಾ?"

"ದ್ರೋಹಿ," ಎಂದ ಮಾಲ್ಟೆ, ನನ್ನ ಮುಖ ನೋಡದೆ.

ಹೆನ್ನಿಂಗ್ ಎದ್ದು ಬಂದು ಮೊಣಕಾಲೂರಿ ಮಾಲ್ಟೆಯ ಸ್ಕೇಟಿನ ದಾರ ಬಿಚ್ಚತೊಡಗಿದ. "ಇಲ್ಲಿ ಕೋಚ್ ನಾನು!" ಎಂದು ರೋಲ್ಫ್ ಕಿರುಚಿದ.

"ಹೌದು, ನೀನೇ. ಇವನನ್ನ ಅಂಕಣಕ್ಕೆ ಇಳಿಸಿದ್ರೆ ನನ್ನ ಅಂಗೀನೂ ಇಲ್ಲೇ ಬಿಚ್ಚಿಡ್ತೀನಿ."

ಮಾಲ್ಟೆ ಆಡಲಿಲ್ಲ. ನಾಲ್ಕು-ಒಂದರಿಂದ ಸೋತೆವು. ಜನ ಹೆನ್ನಿಂಗ್ ಮೇಲೆ ಕಾಫಿ ಲೋಟ ಎಸೆದರು. ಮೈಕಿನ ಮುಂದೆ ಅವನು "ತೀರ್ಮಾನ ನನ್ನದು" ಎಂದಷ್ಟೇ ಹೇಳಿದ, ನನ್ನ ಹೆಸರು ಎತ್ತಲಿಲ್ಲ. ಆದರೂ ನನ್ನ ಸಿಟ್ಟು ಇಳಿಯಲಿಲ್ಲ. ಹನ್ನೊಂದು ವರ್ಷ ಬಾಗಿಲ ಬಳಿ ನಿಲ್ಲಿಸಿ, ಕೊನೆಗೆ ಕರೆದದ್ದು ದ್ರೋಹಿ ಅನ್ನಿಸಿಕೊಳ್ಳುವುದಕ್ಕೆ!

ಸೋಮವಾರ ಮತ್ತೆ ಎಲ್ಲರೂ ಸುತ್ತ ಕೂತರು. ಮಾಲ್ಟೆ ಆಸ್ಪತ್ರೆಯಲ್ಲಿದ್ದ, ತಲೆಯ ಪೆಟ್ಟಿಗೆ ಬೆಳಕು ಆಗದೆಂದು ಕತ್ತಲು ಕೋಣೆಯಲ್ಲಿ. ಅವನ ಖಾಲಿ ಜಾಗ ತೋರಿಸಿ ಹೆನ್ನಿಂಗ್, "ಕೂತ್ಕೋ, ಸಿಗ್ನೆ" ಎಂದ. ಬೇಡವೆನ್ನಲು ಬಾಯಿ ತೆರೆದೆ, ಆದರೆ ಕೈಯಲ್ಲಿದ್ದ ಟವೆಲ್‌ಗಳನ್ನು ಎದೆಗವಚಿಕೊಂಡು ಹೋದೆ. ಕೂತೆ.

"ಇವತ್ತು ಮೊದಲು ನಾನು ಮಾತಾಡ್ತೀನಿ," ಎಂದ ಅವನು. "ತಲೆಗೇ ಏಟು ಬಿದ್ದಿದೆ ಅಂತ ನಂಗೆ ಬುಧವಾರಾನೇ ಗೊತ್ತಿತ್ತು. ನೀವ್ಯಾರಾದ್ರೂ ಹೇಳ್ತೀರಿ ಅಂತ ಕಾದೆ. ನಾಯಕ ಕಾಯಬಾರದಿತ್ತು."

ಗೋಲ್‌ಕೀಪರ್ ನೆಲ ನೋಡುತ್ತ, "ನಂಗೂ ಗೊತ್ತಿತ್ತು" ಎಂದ.

ಪಕ್ಕದವನು, "ನಂಗೂ."

"ನಂಗೂ."

ಹೀಗೆ ಒಬ್ಬೊಬ್ಬರಾಗಿ, ಸರದಿ ತಪ್ಪದೆ, ಯಾರೂ ನಡುವೆ ಬಾಯಿ ಹಾಕದೆ, ಹತ್ತೊಂಬತ್ತು ಜನ. ಮಡಿಲಲ್ಲಿದ್ದ ಟವೆಲ್‌ಗಳನ್ನು ಅವರ ಮುಖಕ್ಕೆ ಎಸೆಯಬೇಕೆಂದು ಕೈ ಎತ್ತಿದೆ. ಅಷ್ಟರಲ್ಲಿ ನಾನು ಯಾರಿಗೂ ಹೇಳದೆ ತೊಳೆದಿಟ್ಟ ಬಕೆಟ್ ನೆನಪಾಯಿತು, ನನ್ನ ಸರದಿ ಬಂತು.