ದ್ವೀಪ ನೋಡಲು ಬಂದ ದ್ವೀಪದವಳು

ಅಜ್ಜಿಯರು ಹೇಳುವ ಕಥೆಗಳಲ್ಲಿ ಏಳು ಸಮುದ್ರ ದಾಟಿ ದ್ವೀಪಕ್ಕೆ ಬರುವವನು ಒಂದೋ ರಾಜಕುಮಾರ, ಇಲ್ಲವೇ ರಾಕ್ಷಸ. ಈ ದ್ವೀಪಕ್ಕೆ ಬಂದದ್ದು ಪ್ರವಾಸದ ಕಂಪನಿ. ಅದು ಆ ಇಬ್ಬರಲ್ಲಿ ಯಾರ ಪೈಕಿ ಎಂದು ಊರವರು ತೀರ್ಮಾನಿಸುವಷ್ಟರಲ್ಲಿ ಬೀದಿಯ ಮನೆಗಳಿಗೆಲ್ಲ ಒಂದೇ ನೀಲಿ ಬಣ್ಣ ಬಳಿದಾಗಿತ್ತು.

ದೋಣಿಯಮ್ಮನ ಗಂಡನ ದೋಣಿಗೂ ಅದೇ ಬಣ್ಣ ಬಿತ್ತು. ಊರಿಗೂ ಆಚೆ ದಡಕ್ಕೂ ಜನರನ್ನು ದಾಟಿಸುತ್ತಿದ್ದ ಆ ದೋಣಿಯಲ್ಲಿ ಗಂಡ ಹಿಂದೆ ಚುಕ್ಕಾಣಿ ಹಿಡಿದರೆ, ಅವಳು ಮುಂದೆ ನಿಂತು ಕಟ್ಟೆಯ ಗೂಟಕ್ಕೆ ಹಗ್ಗ ಎಸೆಯುವವಳು. ಊರವರು ಕರೆಯುವ ಹೆಸರು ಬಂದದ್ದೇ ಹಾಗೆ. ಕಂಪನಿಯ ಬಿಳಿ ದೋಣಿ ಬಂದ ಮೇಲೆ ಇದನ್ನು ದಡಕ್ಕೆಳೆದು, ಮಣ್ಣು ತುಂಬಿ, ಹೂಗಿಡ ನೆಟ್ಟು ಹೋಟೆಲಿನ ಮುಂದೆ ನಿಲ್ಲಿಸಿದರು. ದೊಡ್ಡ ಮನಸ್ಸು ಮಾಡಿ ಗಂಡನಿಗೂ ಅಲ್ಲೇ ಕೆಲಸ ಕೊಟ್ಟರು. ಆಯುಷ್ಯವೆಲ್ಲ ದೋಣಿಯಿಂದ ನೀರು ಹೊರಕ್ಕೆ ಚೆಲ್ಲಿದ ಮನುಷ್ಯ ಈಗ ಸಂಬಳಕ್ಕೆ ಅದರೊಳಗೆ ನೀರು ಹುಯ್ಯುತ್ತಿದ್ದ.

ಬಿಳಿ ದೋಣಿಯನ್ನು ಊರವರು ಬೆಳಕು ಹರಿಯುವಾಗ ಒಮ್ಮೆ, ಸಂಜೆಗೊಮ್ಮೆ ಹತ್ತಬಹುದಿತ್ತು. ನಡುವಿನದೆಲ್ಲ ಪ್ರವಾಸಿಗಳಿಗೆ. ಇದರ ನ್ಯಾಯವನ್ನು ಮ್ಯಾನೇಜರು ನಯವಾಗಿಯೇ ತಿಳಿಸಿದ್ದರು: ದ್ವೀಪದವರನ್ನು ನೋಡಲೆಂದೇ ಅಷ್ಟು ದೂರದಿಂದ ಬಂದವರ ಪಕ್ಕದಲ್ಲಿ ದ್ವೀಪದವರೇ ಬಂದು ಕೂತುಬಿಟ್ಟರೆ, ಪಾಪ, ಅವರು ನೋಡುವುದಾದರೂ ಏನನ್ನು?

ಆ ದಿನ ಬೆಳಗಿನ ದೋಣಿ ಹೊರಟುಹೋದ ಮೇಲೆ ಆಚೆ ದಡದಿಂದ ಅಳಿಯನ ಫೋನು ಬಂತು. ಮಗಳಿಗೆ ನೋವು ಶುರುವಾಗಿದೆ, ಆಸ್ಪತ್ರೆಗೆ ಸೇರಿಸಿದ್ದೇನೆ ಎಂದ. ಹೋದ ಸಲ ಮಗು ಹೊಟ್ಟೆಯಲ್ಲೇ ಹೋಗಿತ್ತು. ಆಗ ಪಕ್ಕದಲ್ಲಿ ತಾಯಿ ಇರಲಿಲ್ಲ. ಈ ಸಲ ನೀನು ಕೈ ಹಿಡಿದುಕೊಂಡು ನಿಲ್ಲಲೇಬೇಕೆಂದು ಮಗಳು ಭಾಷೆ ತೆಗೆದುಕೊಂಡಿದ್ದಳು.

ದೋಣಿಯಮ್ಮ ಮ್ಯಾನೇಜರ ಬಳಿಗೆ ಓಡಿದಳು. ಅವರು ಬಹಳ ಮರುಗಿದರು. ತುರ್ತು ಇದ್ದವರನ್ನು ಕಂಪನಿ ಯಾವತ್ತೂ ತಡೆಯುವುದಿಲ್ಲ ಎಂದರು.

"ಆದ್ರೆ ನೋಡಿಮ್ಮಾ, ಹೆರೋಳು ಆಗ್ಲೇ ಆಸ್ಪತ್ರೇಲಿದಾಳೆ. ನಿಮಗೇನು ತುರ್ತು?"

ಹೋಟೆಲಿನ ಕೋಣೆ ಗುಡಿಸುವ ನಾದಿನಿಗೆ ಈ ಸುದ್ದಿ ಮುಟ್ಟಿದಾಗ ಅವಳು ಅಳುತ್ತ ಕೂರಲಿಲ್ಲ. ಪ್ರವಾಸಿಗಳು ಬಿಟ್ಟುಹೋದ ಸಾಮಾನಿನ ಕಪಾಟು ತೆರೆದು ಹೂಹೂವಿನ ಉದ್ದ ಗೌನು, ಮುಖದ ಅರ್ಧ ನುಂಗುವ ಕಪ್ಪು ಕನ್ನಡಕ, ಕಂಪನಿಯ ನೀಲಿ ಟೋಪಿ ತಂದಳು. ಆ ಟೋಪಿ ತಲೆಯ ಮೇಲಿದ್ದರೆ ಅದೇ ಟಿಕೆಟ್ಟು.

"ಬಾಯಿ ಮಾತ್ರ ಬಿಡಬೇಡ ಅತ್ತಿಗೆ," ಎಂದಳು. "ಎಲ್ಲಾದಕ್ಕೂ ಆಶ್ಚರ್ಯಪಡ್ತಾ ಇರು, ಸಾಕು. ಅವರೆಲ್ಲ ಅದನ್ನೇ ಮಾಡೋದು."

ಹೀಗೆ ದೋಣಿಯಮ್ಮ ತನ್ನ ಬೀದಿಯ ತಿರುವಿನಲ್ಲೇ ಟೋಪಿಯವರ ಗುಂಪಿಗೆ ಸೇರಿಕೊಂಡಳು. ಗುಂಪು ಬೀದಿ ನೋಡಿಕೊಂಡು ನೇರ ದೋಣಿಗೆ ಹೋಗುವುದಿತ್ತು. ವಿವರಣೆ ಕೊಡುವವನು ಬೇರೆ ಯಾರೂ ಅಲ್ಲ, ಅವಳ ಮೈದುನ. ಕೈಯಲ್ಲಿ ಧ್ವನಿವರ್ಧಕ, ಎದೆಯ ಮೇಲೆ ಕಂಪನಿಯ ಬಿಲ್ಲೆ. ಎಲ್ಲ ಬಿಟ್ಟು ಅವಳ ಮನೆಯ ಮುಂದೆಯೇ ನಿಂತ.

"ಇಲ್ಲೊಬ್ಬ ಮುಗ್ಧ ಹೆಂಗಸು ವಾಸವಾಗಿದಾರೆ. ಹೊರಗಿನ ಪ್ರಪಂಚದ ಗಂಧಗಾಳಿ ಇಲ್ಲ. ಆಸೆ ಅನ್ನೋದೇ ಗೊತ್ತಿಲ್ಲ ಅವರಿಗೆ."

ಗುಂಪಿನವರು ಕಿಟಕಿಗೆ ಮುಖವಿಟ್ಟು ಒಳಗೆ ಇಣುಕಿದರು. ಒಬ್ಬಾಕೆ, ಎಷ್ಟು ಕಡಿಮೆ ಪಾತ್ರೆಗಳು, ಎಂಥ ನೆಮ್ಮದಿ ಎಂದು ಕಣ್ಣೊರೆಸಿಕೊಂಡಳು. ಉಳಿದ ಪಾತ್ರೆಗಳು ತೊಳೆಯದೆ ಹಿತ್ತಲಲ್ಲಿ ಬಿದ್ದಿರುವುದು ಆಕೆಗೆ ತಿಳಿಯದು. ದೋಣಿಯಮ್ಮ ಹಲ್ಲು ಕಚ್ಚಿ ಆಶ್ಚರ್ಯಪಟ್ಟಳು. ಆದರೂ ಬಾಯಿ ಕೇಳಲಿಲ್ಲ.

"ಆಸೆ ಇಲ್ಲ ಅಂತ ನಿಂಗೆ ಹೇಳಿದ್ಯಾರೋ?"

ಆ ದನಿಯಿಂದ ಬಾಲ್ಯದಿಂದಲೂ ಬೈಸಿಕೊಂಡಿದ್ದ ಮೈದುನನ ಮುಖ ಇಂಗು ತಿಂದ ಮಂಗನಂತಾಯಿತು. ಟೋಪಿಯ ಕೆಳಗಿನ ಗದ್ದವನ್ನು ನೋಡಿದ, ಆಚೆ ದಡವನ್ನು ನೋಡಿದ. ಬೆಳಗಿನ ಸುದ್ದಿ ಅವನಿಗೂ ಗೊತ್ತಿತ್ತು.

"ಒಳ್ಳೇ ಪ್ರಶ್ನೆ ಮೇಡಂ," ಎಂದು ಧ್ವನಿವರ್ಧಕ ಎತ್ತಿದ. "ಬನ್ನಿ, ಬನ್ನಿ, ದೋಣಿಗೆ ಹೊತ್ತಾಯ್ತು."

ದೋಣಿಯ ಬಳಿ ಕೈಹಿಡಿದು ಹತ್ತಿಸಿದವರು ಖುದ್ದು ಮ್ಯಾನೇಜರೇ. ಬೆಳಿಗ್ಗೆ ಬಾಗಿಲಲ್ಲಿ ನಿಲ್ಲಿಸಿ ಕಳಿಸಿದವಳನ್ನು ಈಗ ನೆರಳಿನ ಸೀಟಿನಲ್ಲಿ ಕೂರಿಸಿ, ತಣ್ಣನೆಯ ಪಾನೀಯ ಕೊಟ್ಟು, ನಮ್ಮ ದ್ವೀಪ ಹಿಡಿಸಿತೇ ಎಂದು ವಿಚಾರಿಸಿದರು. ಅವಳು ತಲೆಯಾಡಿಸಿದಳು. 'ನಮ್ಮ' ಎಂಬುದು ಪಾನೀಯಕ್ಕಿಂತ ಕಷ್ಟದಲ್ಲಿ ಗಂಟಲಿಳಿಯಿತು.

ದೋಣಿ ಹೊರಟಿತು, ಮ್ಯಾನೇಜರೂ ಮೈದುನನೂ ಗುಂಪಿನ ಜೊತೆಗೇ ಇದ್ದರು. ಆಚೆ ದಡ ಹತ್ತಿರವಾಯಿತು. ಕಟ್ಟೆಯ ಮೆಟ್ಟಿಲ ಮೇಲೆಯೇ ಆಸ್ಪತ್ರೆಯ ಹಳದಿ ಗೋಡೆ. ಮುಂದೆ ನಿಂತ ಸಮವಸ್ತ್ರದವನು ಹಗ್ಗ ಎಸೆದ, ಅದು ನೀರಿಗೆ ಬಿತ್ತು. ಮತ್ತೆ ಎಳೆದುಕೊಳ್ಳುವಷ್ಟರಲ್ಲಿ ದೋಣಿ ಅಡ್ಡ ತಿರುಗಿ ಕಲ್ಲಿನ ಕಡೆಗೆ ಜಾರತೊಡಗಿತು. ಪ್ರವಾಸಿಗಳು ಕಂಬಿ ಹಿಡಿದು ಕಿರುಚಿದರು. ದೋಣಿಯಮ್ಮ ಯೋಚಿಸಲಿಲ್ಲ, ಯೋಚಿಸಿದ್ದರೆ ತೆಪ್ಪಗೆ ಕೂತಿರುತ್ತಿದ್ದಳು. ಚಪ್ಪಲಿ ಒದ್ದು, ಗೌನನ್ನು ಸೊಂಟಕ್ಕೆ ಸಿಕ್ಕಿಸಿ, ಅವನ ಕೈಯಿಂದ ಹಗ್ಗ ಕಿತ್ತುಕೊಂಡು ಎಸೆದಳು. ಕುಣಿಕೆ ಹೋಗಿ ಗೂಟದ ಕೊರಳಿಗೆ ಕೂತಿತು. ಅವಳು ಹಿಂದಕ್ಕೆ ವಾಲಿ ಎಳೆದಳು. ಟೋಪಿ ಸಮುದ್ರಕ್ಕೆ ಹಾರಿತು, ಕನ್ನಡಕ ಕೊರಳಿಗೆ ಜಾರಿತು.

ಮ್ಯಾನೇಜರ ಮುಖ ಮೊದಲು ಕೆಂಪಾಯಿತು. ಅಷ್ಟರಲ್ಲಿ ದೋಣಿಗೆ ದೋಣಿಯೇ ಚಪ್ಪಾಳೆ ತಟ್ಟಿತು. ಚಪ್ಪಾಳೆ ಕಿವಿಗೆ ಬಿದ್ದೊಡನೆ ಆ ಕೆಂಪು ಮುಖದಲ್ಲಿ ಅಷ್ಟಗಲದ ನಗು ಅರಳಿತು. ಇದೆಲ್ಲ ಕಾರ್ಯಕ್ರಮದ ಭಾಗವೇ, ನಿಮಗಾಗಿ ಗುಟ್ಟಾಗಿಟ್ಟಿದ್ದೆವು ಎಂದು ಸಾರಿದರು. ಆದರೆ ಪಾಪ, ಯಾರ ಕ್ಯಾಮರಾವೂ ತಯಾರಿರಲಿಲ್ಲ.

"ಇನ್ನೊಂದ್ಸಲ ಎಸೀರಮ್ಮ. ಆಮೇಲೆ ಎಲ್ಲಿಗೆ ಬೇಕಾದ್ರೂ ಹೋಗಿ."

ಅವಳು ಇಳಿಯುವ ಮೊದಲೇ ಕುಣಿಕೆ ಬಿಡಿಸಿ ದೋಣಿಯನ್ನು ಹಿಂದಕ್ಕೆ ಒಯ್ದರು. ಎಸೆದಳು. ಆಗ ಬೆಳಕು ಎದುರಿಗಿತ್ತಂತೆ. ಮತ್ತೆ ಹಿಂದಕ್ಕೆ ಒಯ್ದರು. ಗೌನಿನ ಜೇಬಿನಲ್ಲಿ ಫೋನು ಮಿಡುಕಿತು. ಮಗಳನ್ನು ಒಳಗೆ ಕರೆದೊಯ್ದರು, ನಿಮ್ಮನ್ನೇ ಕೇಳುತ್ತಿದ್ದಾಳೆ ಎಂದು ಅಳಿಯ ತೊದಲಿದ. ಇಲ್ಲಿ ಮ್ಯಾನೇಜರು, ವಿಡಿಯೋದಲ್ಲಿ ಸದ್ದು ಬೇಡ, ದಡದ ಹತ್ತಿರ ಬಂದೊಡನೆ ಎಂಜಿನ್ ನಿಲ್ಲಿಸಿ ಎಂದು ಅಪ್ಪಣೆ ಕೊಡುತ್ತಿದ್ದರು. ಒಂಚೂರು ನಗಬೇಕೆಂದು ಅವಳಿಗೂ ಹೇಳಿದರು.

ಅವಳು ನಕ್ಕಳು. ಎಂಜಿನ್ ನಿಂತಿತು. ದೋಣಿ ತನ್ನ ಓಟದಲ್ಲೇ ತೇಲಿ ಕಟ್ಟೆಯ ಬಳಿ ಬಂತು. ಎಲ್ಲ ಕ್ಯಾಮರಾಗಳೂ ಅವಳ ಕೈಯ ಮೇಲಿದ್ದಾಗ ದೋಣಿಯಮ್ಮ ಕಾಲು ಬಳಸಿದಳು. ಹಗ್ಗದ ಸಮೇತ ಮೆಟ್ಟಿಲಿಗೆ ಹಾರಿ, ತಿರುಗಿ ನಿಂತು, ಕುಣಿಕೆಯನ್ನು ನೀರಿಗೆ ಬಿಟ್ಟು, ಬಿಳಿ ದೋಣಿಯ ಮೂತಿಯನ್ನು ಅಂಗಾಲಿನಿಂದ ಒಮ್ಮೆ ಬಲವಾಗಿ ನೂಕಿದಳು. ಇಳಿತದ ನೀರು ಉಳಿದದ್ದನ್ನು ನೋಡಿಕೊಂಡಿತು.

ಎಂಜಿನ್ ಕೆಮ್ಮಿತು, ಹತ್ತಿಕೊಳ್ಳಲಿಲ್ಲ. ಮ್ಯಾನೇಜರು ಏನೋ ಕೂಗುತ್ತ ದೂರವಾದರು. ಅವರ ಕೂಗನ್ನೂ ಮೀರಿ ಮೈದುನನ ಧ್ವನಿವರ್ಧಕ ಕೇಳಿಸಿತು.

"ಇದು ನಮ್ಮ ದ್ವೀಪದ ಬಹಳ ಹಳೇ ಬೀಳ್ಕೊಡುಗೆ ಪದ್ಧತಿ!"

ಮತ್ತೆ ಜೋರು ಚಪ್ಪಾಳೆ. ದೋಣಿಯಮ್ಮ ತಿರುಗಿ ನೋಡದೆ ಮೆಟ್ಟಿಲು ಹತ್ತಿದಳು.

ಹೆರಿಗೆ ಕೋಣೆಯ ಬಾಗಿಲಲ್ಲಿ ನರ್ಸು ಅವಳ ಬರಿಗಾಲನ್ನೂ ಹೂವಿನ ಗೌನನ್ನೂ ಮೇಲಿಂದ ಕೆಳಗೆ ನೋಡಿ, ಪ್ರವಾಸಿಗಳಿಗೆ ಇಲ್ಲಿ ಪ್ರವೇಶವಿಲ್ಲ ಎಂದಳು. ಹೆರುವವಳ ತಾಯಿ ನಾನು ಎಂದು ದೋಣಿಯಮ್ಮ ನರ್ಸಿನ ತೋಳಿನಡಿ ನುಸುಳಿದಳು. ಹಾಸಿಗೆಯಿಂದ ಚಾಚಿದ್ದ ಕೈಯನ್ನು, ಹಗ್ಗ ಹಿಡಿದು ಬಿಸಿಯಾಗಿದ್ದ ತನ್ನ ಕೈಗೆ ತೆಗೆದುಕೊಂಡಳು.

ಮಗಳು ಬೆವರಿನ ನಡುವೆ ಕಣ್ಣು ಬಿಟ್ಟು ನೋಡಿದಳು. "ಏನಮ್ಮಾ ಇದು ವೇಷ?"

"ಮೊದ್ಲು ಹೆರು. ಆಮೇಲೆ ಹೇಳ್ತೀನಿ."